ಕೀಲೆಣ್ಣೆಯ ಕರವಸ್ತ್ರ

ಫೋರ್ಡ್ಸ್‌ಬರ್ಗ್, ಜೊಹಾನ್ಸ್‌ಬರ್ಗ್
21 ಆಗಸ್ಟ್ 1938

ಅಪ್ಪನಿಗೆ ಸುಸಾರಾಳ ವಂದನೆಗಳು.

ಎರಡು ವರ್ಷದ ಹಿಂದೆ, ಹೊಲಿಗೆ ಕಾರ್ಖಾನೆಯ ಮುಷ್ಕರದಲ್ಲಿ ಪೊಲೀಸರು ನನ್ನನ್ನು ಎಳೆದೊಯ್ಯುವ ಚಿತ್ರ ಪತ್ರಿಕೆಯಲ್ಲಿ ಬಂದಾಗ ನೀವು ಒಂದು ಸಾಲಿನ ಕಾಗದ ಬರೆದಿರಿ: 'ನನಗೆ ಮಗಳಿಲ್ಲ.' ನಾನು ಉತ್ತರ ಬರೆಯಲಿಲ್ಲ. ಇಲ್ಲದವಳು ಹೇಗೆ ಬರೆಯುವುದು? ಈಗ ಬರೆಯುತ್ತಿದ್ದೇನೆ, ಏಕೆಂದರೆ ಈ ಸಲ ಪತ್ರಿಕೆಯಲ್ಲಿ ಬಂದಿರುವುದು ನಿಮ್ಮ ಚಿತ್ರ.

ಊಟದ ಬಿಡುವಿನಲ್ಲಿ ಬ್ರೆಡ್ಡು ಸುತ್ತಿದ್ದ ಹಾಳೆ ಬಿಡಿಸಿದರೆ ನಮ್ಮೂರು ಕ್ರಾನ್ಸ್‌ಫ್ಲೇಯ ಬಂಡಿ! ಹದಿನಾರು ಎತ್ತು, ಬಿಳಿಯ ಬಟ್ಟೆಯ ಕಮಾನು, ಬಂಡಿ ಹೊಡೆಯುವವರು ಕೂರುವ ಮುಂಬದಿಯ ಪೆಟ್ಟಿಗೆಯ ಮೇಲೆ ಎದೆಯವರೆಗೆ ಗಡ್ಡ ಇಳಿಬಿಟ್ಟ ಒಬ್ಬ ಪ್ರವಾದಿ. ಪಕ್ಕದ ಮಷಿನಿನ ಕಾಟ್ರೀನ ಇಣುಕಿ, "ಯಾರೇ ಇದು, ಮೋಶೆನಾ?" ಎಂದಳು. "ಅಲ್ಲ ಕಣೆ, ನಮ್ಮಪ್ಪ" ಎಂದೆ. ಭಾನುವಾರಕ್ಕೊಮ್ಮೆ ತಪ್ಪದೆ ಗಲ್ಲ ಬೋಳಿಸುತ್ತಿದ್ದ ನಮ್ಮಪ್ಪ!

ನಮ್ಮ ಬೋವರ್ ಹಿರಿಯರು ಬಂಡಿ ಕಟ್ಟಿಕೊಂಡು ಉತ್ತರಕ್ಕೆ ವಲಸೆ ಹೋಗಿ ನೂರು ವರ್ಷವಾಯಿತೆಂದು ದೇಶದ ಮೂಲೆಮೂಲೆಯಿಂದ ಬಂಡಿಗಳು ಹೊರಟಿವೆ, ಡಿಸೆಂಬರ್ ಹದಿನಾರರ ಹರಕೆಯ ದಿನ ಪ್ರಿಟೋರಿಯಾದ ಗುಡ್ಡ ಸೇರುತ್ತವೆ ಎಂದೆಲ್ಲ ಓದಿದೆ. ಅದು ಸರಿ. ಚಿತ್ರದ ಕೆಳಗಿನ ಸಾಲು ಮಾತ್ರ ಅರ್ಥವಾಗಲಿಲ್ಲ. 'ಲೊರೆನ್ಸ್ ಬ್ಲಿಗ್ನಾಟ್: ಇವರ ಅಜ್ಜ ನೆತ್ತರಹೊಳೆಯ ಬಂಡಿಕೋಟೆಯೊಳಗೆ ನಿಂತು ಜುಲೂ ಸೈನ್ಯವನ್ನು ಎದುರಿಸಿದ ವೀರ.' ಯಾವ ಅಜ್ಜ, ಅಪ್ಪ? ಮುತ್ತಜ್ಜಿ "ನನ್ನ ಒಲೆ ಬಿಟ್ಟು ನಾನೆಲ್ಲೂ ಬರಲ್ಲ" ಎಂದು ಕೂತದ್ದಕ್ಕೆ ಮುತ್ತಜ್ಜ ಆರೆಂಜ್ ನದಿಯನ್ನೂ ದಾಟದೆ ಮನೆಯಲ್ಲೇ ಉಳಿದು ಸಾಬೂನು ಕಾಯಿಸಿದರೆಂದು ಹೇಳಿ ಹೇಳಿ ನಗುತ್ತಿದ್ದವರು ನೀವೇ ಅಲ್ಲವೇ?

ಜಗಳಕ್ಕೆ ಕೇಳುತ್ತಿಲ್ಲ. ನಿಜಕ್ಕೂ ತಿಳಿಯುವ ಆಸೆ. ಜನ ಆ ಬಂಡಿಯಲ್ಲಿ ಏನು ಕಾಣುತ್ತಾರೆ? ನೀವೇನು ಕಾಣುತ್ತೀರಿ?

ಇನ್ನೊಂದು ಮಾತು. ಅಮ್ಮ ಬದುಕಿದ್ದಾಗ ಹಬ್ಬಕ್ಕೆ ಕಟ್ಟುತ್ತಿದ್ದ ಬಿಳಿಯ ಮುಸುಕುಟೋಪಿ ಅವಳ ಪೆಟ್ಟಿಗೆಯಲ್ಲಿರಬೇಕು. ಹದಿನಾರರಂದು ನಾನೂ ಗುಡ್ಡಕ್ಕೆ ಬರುತ್ತೇನೆ, ಅದನ್ನು ಕಟ್ಟಿಕೊಂಡು. ನಿಮ್ಮ ಚಕ್ರದ ಪಕ್ಕ ಬಂದು ನಿಂತರೆ, ಎಲ್ಲರ ಮುಂದೆ "ಇವಳು ನನ್ನ ಮಗಳು" ಎನ್ನುತ್ತೀರಾ?

ಇಷ್ಟೇ.
ಸುಸಾರಾ


ಕೋಲ್ಸ್‌ಬರ್ಗಿನ ಹೊರಗೆ, ಬಂಡಿ ಬಿಟ್ಟ ಬಯಲು
12 ಸೆಪ್ಟೆಂಬರ್ 1938

ಸುಸಾರಾ,

ಮೂರು ದಿನ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕಡೆಯ ಪ್ರಶ್ನೆ ಬದಿಗಿರಲಿ. ಮೊದಲಿನದಕ್ಕೆ ಹೇಳುತ್ತೇನೆ, ಕೇಳು!

ಜನ! ಎಂಥ ಜನ! ದಿಗಂತದಿಂದ ದಿಗಂತಕ್ಕೆ ಮೋಟಾರು, ಕುದುರೆ, ಕಾಲ್ನಡಿಗೆ! ಗಂಡಸರೆಲ್ಲ ಗಡ್ಡ, ಹೆಂಗಸರೆಲ್ಲ ನೆಲ ಗುಡಿಸುವ ಲಂಗ. ನಮ್ಮ ಬಂಡಿ ಕಣಿವೆಯ ತಿರುವಿನಲ್ಲಿ ಕಾಣಿಸಿತೋ ಇಲ್ಲವೋ, ಹಾಡು ಏಳುತ್ತದೆ. ಸತ್ಯ ಹೇಳುತ್ತೇನೆ, ಎದೆಯೊಳಗಿನಿಂದ ಯಾರೋ ಹಗ್ಗ ಕಟ್ಟಿ ಎಳೆದಂತಾಗುತ್ತದೆ. ಕೂಸುಗಳನ್ನು ತಂದು ಬಂಡಿಯ ಅಡಿಯಲ್ಲಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಹಸಿ ಸಿಮೆಂಟು ಹಾಸಿ, ನಮ್ಮ ಚಕ್ರ ಅದರ ಮೇಲೆ ಹಾಯಲಿ, ಗುರುತು ಉಳಿಯಲಿ ಎಂದು ಕಾದು ನಿಲ್ಲುತ್ತಾರೆ. ಯಾವ ಬಂಡಿ ಗೊತ್ತಲ್ಲ? ನಾನು ಇಪ್ಪತ್ತೈದು ವರ್ಷ ಉಣ್ಣೆ, ಕಲ್ಲಿದ್ದಲು, ಬ್ರಾಂದಿಯ ಪೀಪಾಯಿ ಹೇರಿದ ಬಂಡಿ. ರೈಲು ಬಂದ ಮೇಲೆ ಕೊಟ್ಟಿಗೆ ಸೇರಿ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಅದೇ ಬಂಡಿ!

ಎಲ್ಲಕ್ಕಿಂತ ಸೋಜಿಗ ಕೀಲೆಣ್ಣೆಯದು. ಮೊದಲ ವಾರ ಒಬ್ಬ ಮುದುಕಿ ಬಂದಳು. ಚಕ್ರದ ನಡುವಿನ ಗುಂಬದಿಂದ ಸೋರಿದ್ದ ಕರಿಯ ಜಿಡ್ಡನ್ನು ಬೆಳ್ಳನೆಯ ಕರವಸ್ತ್ರಕ್ಕೆ ಒತ್ತಿಕೊಂಡಳು.

"ತಾಯೀ, ಆ ಕಲೆ ಹೋಗಲ್ಲ," ಎಂದೆ.

"ಹೋಗಬಾರದು ಅಂತಲೇ ಕಣಪ್ಪಾ. ಸತ್ತಾಗ ನನ್ನ ಎದೆ ಮೇಲಿಟ್ಟು ಹೂಳಿ ಅಂತ ಮಕ್ಕಳಿಗೆ ಹೇಳಿದೀನಿ."

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ನೂರು ಮಂದಿ! ಈಗ ಪ್ರತಿ ಊರಿನಲ್ಲೂ ಸಾಲು. ನಮ್ಮ ಆಪೂಲ್ಸ್ ನೆನಪಿದ್ದಾನಲ್ಲ? ನಲವತ್ತು ವರ್ಷದಿಂದ ನನ್ನ ಎತ್ತುಗಳನ್ನು ಹೊಡೆಯುವವನು ಅವನೇ, ಕುರಿಬಾಲದ ಕೊಬ್ಬು ಕರಗಿಸಿ, ಟಾರು ಬೆರೆಸಿ ಕೀಲೆಣ್ಣೆ ಕಾಯಿಸುವವನೂ ಅವನೇ. ಸಾಲು ನೋಡಿ ತಲೆ ಕೆರೆದುಕೊಂಡ. "ದಣೀ, ನಲವತ್ತು ವರ್ಷ ಈ ಎಣ್ಣೆ ನನ್ನ ಷರಟಿಗೆ ಬಿದ್ದಿದೆ. ನನ್ನ ಹೆಂಡ್ತಿ ಒಂದಿನಾನೂ ಕೈ ಮುಗೀಲಿಲ್ಲ. ಬೈದಳು ಅಷ್ಟೆ."

ಅಜ್ಜನ ವಿಷಯ. ನಮ್ಮ ಊರಿನ ಸಮಿತಿಯ ಕಾರ್ಯದರ್ಶಿ ನೆಥ್ಲಿಂಗ್ ಮೇಷ್ಟ್ರು, ಹೊಸಬರು, ಓದಿದವರು, ಜರ್ಮನಿಯ ನಾಜಿಗಳನ್ನು ನೋಡಿ ಕಟ್ಟಿದ ದಳದ ಬೂದು ಅಂಗಿ ತೊಡುತ್ತಾರೆ. ಹೊರಡುವ ದಿನ ಪುಸ್ತಕ ಹಿಡಿದು ಬಂದರು. "ಲೊರೆನ್ಸ್ ಮಾವ, ನಿಮ್ಮ ಅಜ್ಜ ನೆತ್ತರಹೊಳೇಲಿ ಇದ್ದಿರಬೇಕಲ್ಲ?" ಎಂದರು. ನಾನು "ಇದ್ದಿರಬಹುದು" ಎಂದೆ. ಬರೆದುಕೊಂಡರು. ಹೌದು ಎಂದು ನಾನು ಹೇಳಲಿಲ್ಲ.

ನಿನ್ನ ಅಮ್ಮನ ಟೋಪಿ ಬಂಡಿಯ ಪೆಟ್ಟಿಗೆಯಲ್ಲಿದೆ. ಏಕೆ ತಂದೆನೋ ತಿಳಿಯದು. ಡಿಸೆಂಬರ್ ಇನ್ನೂ ದೂರವಿದೆ.

ಲೊರೆನ್ಸ್ ಬ್ಲಿಗ್ನಾಟ್


ಫೋರ್ಡ್ಸ್‌ಬರ್ಗ್
2 ಅಕ್ಟೋಬರ್ 1938

ಪ್ರೀತಿಯ ಅಪ್ಪ,

'ಲೊರೆನ್ಸ್ ಬ್ಲಿಗ್ನಾಟ್' ಎಂದು ರುಜು ಹಾಕಿದ್ದೀರಿ, ಅಂಗಡಿಯವನಿಗೆ ಬರೆದಂತೆ. ಇರಲಿ. ಬರೆದಿರಲ್ಲ.

ನಿಮ್ಮ ಕಾಗದವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಚರ್ಚಿನ ನಾಟಕದಲ್ಲಿ ನೀವು ದೈತ್ಯ ಗೊಲ್ಯಾತನ ಪಾತ್ರ ಮಾಡುತ್ತಿದ್ದಿರಲ್ಲ, ಹಣೆಗೆ ಕಲ್ಲು ಬಿದ್ದ ಮೇಲೂ ಸಾಯದೆ ಕಾಲು ಗಂಟೆ ಭಾಷಣ ಮಾಡುತ್ತಿದ್ದಿರಲ್ಲ, ಅದೇ ದನಿಯಲ್ಲಿ. ಮಷಿನುಗಳೆಲ್ಲ ನಿಂತವು. "ನಮಗೂ ಒಂದೊಂದು ಕರ್ಚೀಫು ತರೋಕೆ ಹೇಳೇ!" ಎಂದು ನಾಲ್ಕೈದು ಜನ ಕೂಗಿದರು. ನಗಬೇಡಿ. ಇವರೆಲ್ಲ ಹೊಲ ಕಳೆದುಕೊಂಡು ಪಟ್ಟಣಕ್ಕೆ ಬಂದ ಬೋವರ್ ರೈತರ ಮನೆಯ ಹುಡುಗಿಯರೇ. ಹಾಡು ಕೇಳಿದರೆ ಇವರ ಎದೆಗೂ ಹಗ್ಗವಿದೆ.

ಈಗ ನಾವು ಹೊಲಿಯುತ್ತಿರುವುದು ಏನು ಗೊತ್ತೇ? ಮುಸುಕುಟೋಪಿ! ಪಟ್ಟಣದ ದೊಡ್ಡಮ್ಮಂದಿರು ಹಬ್ಬಕ್ಕೆ ತೊಡಲು ಆರುನೂರು ಟೋಪಿಗೆ ಹೇಳಿದ್ದಾರೆ. ಮುತ್ತಜ್ಜಿಯರು ಒಂದೊಂದು ನೆರಿಗೆಗೆ ಒಂದೊಂದು ಸಂಜೆ ಕಳೆದರಂತೆ. ನನ್ನ ಮಷಿನು ಒಂದು ಟೋಪಿಯ ನೆರಿಗೆಯನ್ನು ಕಾಫಿ ಆರುವುದರೊಳಗೆ ಮುಗಿಸುತ್ತದೆ. ಕಾಟ್ರೀನ ಒಂದನ್ನು ತಲೆಗಿಟ್ಟು ಕನ್ನಡಿ ನೋಡಿಕೊಂಡಳು, ತೆಗೆಯಲೇ ಇಲ್ಲ. ಆಮೇಲೆ ನಾವು ನಲವತ್ತು ಜನ ಉಳಿದ ತುಂಡುಗಳಲ್ಲಿ ನಮಗೂ ಒಂದೊಂದು ಹೊಲಿದುಕೊಂಡೆವು. ಕಾರ್ಮಿಕ ಸಂಘದ ಬಾವುಟ ಹಿಡಿದು ಗುಡ್ಡಕ್ಕೆ ಬರುತ್ತೇವೆ. ಸಂಘದಲ್ಲಿ ಯೆಹೂದಿಗಳಿದ್ದಾರೆ, ಆದ್ದರಿಂದ ನಾವು ಕುಲಗೆಟ್ಟವರು ಎಂದು ಈಗಾಗಲೇ ಕೆಲವರು ಗೊಣಗುತ್ತಿದ್ದಾರೆ. ಗೊಣಗಲಿ. ನಾನು ಮಾತ್ರ ಹೊಲಿದುಕೊಳ್ಳಲಿಲ್ಲ. ನನ್ನದು ನಿಮ್ಮ ಪೆಟ್ಟಿಗೆಯಲ್ಲಿದೆ.

ಒಂದು ಕೇಳುವುದು ಮರೆತೆ. ಪತ್ರಿಕೆಯಲ್ಲಿ ನಿಮ್ಮ ಬಂಡಿಯ ನಾಲ್ಕು ಚಿತ್ರ ನೋಡಿದೆ. ಆಪೂಲ್ಸ್ ಒಂದರಲ್ಲೂ ಇಲ್ಲ. ಎತ್ತು ಹೊಡೆಯುವವನು ಎಲ್ಲಿ ಹೋದ?

ನಿಮ್ಮ ಸುಸಾರಾ


ಬ್ಲೂಮ್‌ಫಾಂಟೇನ್ ದಾಟಿ
30 ಅಕ್ಟೋಬರ್ 1938

ಸುಸಾರಾ,

ನಾನು ಮಾತಾಡಿದೆ! ಕೇಳಿಸಿಕೋ! ಸಾವಿರ ಸಾವಿರ ಜನ, ಬಿಸಿಲಿನಲ್ಲಿ ಬರಿತಲೆಯಲ್ಲಿ ನಿಂತಿದ್ದಾರೆ. ಮೇಷ್ಟ್ರು ನನ್ನನ್ನು ಪೆಟ್ಟಿಗೆಯ ಮೇಲೆ ಹತ್ತಿಸಿ, "ಅಜ್ಜನ ಕಥೆ ಹೇಳಿ ಮಾವ" ಎಂದರು. ಬಾಯಿ ತೆರೆದೆ. ಏನು ಹೇಳಲಿದ್ದೇನೆಂದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಗೊಲ್ಯಾತನ ಗಂಟಲು ತಾನಾಗಿ ತೆರೆಯಿತು!

"ಮಂಜು! ನದಿಯ ಮೇಲೆ ಬೆಳಗಿನ ಮಂಜು! ಅರವತ್ತನಾಲ್ಕು ಬಂಡಿ ಚಕ್ರಕ್ಕೆ ಚಕ್ರ ತಾಗಿಸಿ ನಿಂತಿವೆ! ಸಂದುಸಂದಿಗೂ ಮುಳ್ಳುಕಂಟಿ! ಒಳಗೆ ಹಿಡಿಯಷ್ಟು ಮಂದಿ, ಹೊರಗೆ ಹತ್ತು ಸಾವಿರ ಭರ್ಜಿ! ನಮ್ಮಜ್ಜ ಬಂದೂಕಿನ ಮೇಲೆ ಕೈಯಿಟ್ಟು, ಓ ದೇವರೇ, ಈ ದಿನ ನಮ್ಮನ್ನು ಉಳಿಸಿದರೆ ಮಕ್ಕಳ ಮಕ್ಕಳ ಕಾಲಕ್ಕೂ ಈ ದಿನ ನಿನ್ನದು ಎಂದ!"

ಅತ್ತರು, ಸುಸಾರಾ. ಗಡ್ಡದ ಗಂಡಸರು ಹೆಂಗಸರಂತೆ ಅತ್ತರು. ನಾನೂ ಅತ್ತೆ. ಹೇಳುತ್ತ ಹೇಳುತ್ತ ಅಜ್ಜ ನನ್ನ ಕಣ್ಣಿಗೆ ಕಂಡರು, ಮದ್ದಿನ ಹೊಗೆಯಲ್ಲಿ ಕಪ್ಪಾದ ಮುಖ. ಸಾಬೂನಿನ ಕಡಾಯಿ ಎಲ್ಲೂ ಕಾಣಲಿಲ್ಲ. ನೀನು ನಗುತ್ತೀ. ಆದರೆ ಅರವತ್ತಾರು ವರ್ಷ ಬದುಕಿದ್ದೇನೆ, ನನ್ನ ಮಾತಿಗೆ ಹತ್ತು ಜನ ತಿರುಗಿ ನೋಡಿದ್ದಿಲ್ಲ.

ಆಪೂಲ್ಸ್ ಎಲ್ಲಿ ಎಂದು ಕೇಳಿದ್ದೀ. ಊರು ಹತ್ತಿರವಾದಾಗ ಅವನು ಚಾವಟಿ ನನಗೆ ಕೊಟ್ಟು ನೀರಿನ ಗಾಡಿಯ ಹಿಂದೆ ಬರುತ್ತಾನೆ. ಊರು ದಾಟಿದ ಮೇಲೆ ಮರಳಿ ಅವನಿಗೆ ಕೊಡುತ್ತೇನೆ. ಚಿತ್ರದಲ್ಲಿ ಬಿಳಿಯರಷ್ಟೇ ಕಾಣಬೇಕೆಂದು ಮೇಷ್ಟ್ರ ಏರ್ಪಾಡು. ಅವನಿಗೆ ಬೇಸರವಿಲ್ಲ. ಇದ್ದಂತೆ ಕಾಣಲಿಲ್ಲ.

ಭಾಷಣದ ದಿನ ಎತ್ತು ಬಿಚ್ಚುವಾಗ ಅವನು ಒಂದು ವಿಚಿತ್ರ ಮಾತು ಆಡಿದ. "ಮುಳ್ಳಲ್ಲ ದಣಿ. ಮರದ ಗೇಟು."

"ಏನು ಗೇಟು?"

"ಬಂಡಿ ಬಂಡಿ ನಡುವಿನ ಸಂದಿಗೆ. ಮುಂಚೇನೇ ಮಾಡಿ ಹೊತ್ಕೊಂಡು ಬಂದಿದ್ದರು. ಮುಳ್ಳು ಅಂದರೆ ಗೊತ್ತಿರೋರು ನಗ್ತಾರೆ."

"ನಿನಗೇನೋ ಗೊತ್ತು?" ಎಂದು ಗದರಿದೆ. ಅವನು ನಗುತ್ತ ನೊಗ ಹೊತ್ತು ಹೋದ.

ಈಗ ಕಷ್ಟದ ಮಾತು. ನಿನ್ನ ಆ ಹಳೆಯ ಚಿತ್ರ ಮೇಷ್ಟ್ರ ಕೈಗೆ ಸಿಕ್ಕಿದೆ. ಕಾಫಿ ಹೊತ್ತಿನಲ್ಲಿ, ಸುತ್ತ ನಾಲ್ವರು ಬೂದು ಅಂಗಿಯವರು ಕೂತಿದ್ದಾಗ ಕೇಳಿದರು: "ಮಾವ, ಈ ಬ್ಲಿಗ್ನಾಟ್ ಹುಡುಗಿ ನಿಮಗೇನಾದರೂ ಆಗಬೇಕಾ?"

"ದೂರದವಳು," ಎಂದೆ.

ಬರಬೇಡ. ಬಂದರೂ ನನ್ನ ಚಕ್ರದ ಹತ್ತಿರ ಬರಬೇಡ. ಟೋಪಿ ಇಲ್ಲೇ ಇರಲಿ.

ಲೊ. ಬ್ಲಿಗ್ನಾಟ್


ಫೋರ್ಡ್ಸ್‌ಬರ್ಗ್
9 ನವೆಂಬರ್ 1938

ಅಪ್ಪನಿಗೆ,

ಮುತ್ತಜ್ಜ ಪಾಪ ಒಲೆಯ ಮುಂದೆ ನೆಮ್ಮದಿಯಾಗಿದ್ದವರು. ಅವರನ್ನು ಎಳೆತಂದು ಕೋಟೆಯೊಳಗೆ ನಿಲ್ಲಿಸಿದಿರಿ. ನಾನು ತಾನಾಗಿ ಬರುತ್ತೇನೆಂದರೆ ಗೇಟು ಹಾಕುತ್ತೀರಿ.

ನಮ್ಮ ಟೋಪಿಗಳ ಸುದ್ದಿ ಪತ್ರಿಕೆಯಲ್ಲಿ ಬಂತು. 'ತಾಯಂದಿರ ಪವಿತ್ರ ಉಡುಪನ್ನು ಕಾರ್ಖಾನೆಯ ಹೆಂಗಸರು ಹಾಸ್ಯಕ್ಕೆಳೆಯುತ್ತಿದ್ದಾರೆ' ಎಂದು ಯಾರೋ ಬರೆದಿದ್ದಾರೆ. ಅದನ್ನು ಬರೆದವರ ಹೆಂಡತಿಯ ಟೋಪಿಗೂ ನೆರಿಗೆ ಹಿಡಿದವಳು ಬಹುಶಃ ಕಾಟ್ರೀನ. ಅವಳು ಎರಡು ದಿನ ತನ್ನ ಟೋಪಿ ಮುಟ್ಟಲಿಲ್ಲ.

ಡಿಸೆಂಬರ್ ಮೊದಲ ವಾರ ನಿಮ್ಮ ಬಂಡಿ ನಮ್ಮ ಬೀದಿಯಲ್ಲೇ ಹಾದುಹೋಗುತ್ತದೆ. ಮೂರನೇ ಮಹಡಿಯ ಕಿಟಕಿ ನನ್ನದು. ಕೈ ಬೀಸುವುದಿಲ್ಲ, ಹೆದರಬೇಡಿ.

ಆದರೂ ಒಂದು ಕುತೂಹಲ ಬಿಡುತ್ತಿಲ್ಲ. ಆಪೂಲ್ಸನಿಗೆ ಗೇಟಿನ ವಿಷಯ ಹೇಗೆ ಗೊತ್ತು? ಕೇಳಿದಿರಾ?

ಸುಸಾರಾ


ವಾಲ್ ನದಿಯ ದಡ
24 ನವೆಂಬರ್ 1938

ಸುಸಾರಾ,

ಆಪೂಲ್ಸನನ್ನು ಕಳಿಸಿಬಿಟ್ಟರು.

ನಡೆದದ್ದು ಇಷ್ಟು. ಸಾಲು ಬೆಳೆಯಿತು. ಒಂದು ಊರಿಗೆ ಹಚ್ಚಿದ ಕೀಲೆಣ್ಣೆ ಮುಂದಿನ ಊರಿನವರೆಗೆ ಉಳಿಯುವುದಿಲ್ಲ. ಗುಂಬದೊಳಕ್ಕೆ ಬೆರಳು ತೂರಿಸಿ ಬಳಿದುಕೊಂಡು ಹೋಗುತ್ತಾರೆ. ಆಪೂಲ್ಸ್ ಮೂರು ಹೊತ್ತೂ ಕೊಬ್ಬು ಕಾಯಿಸುತ್ತಿದ್ದ. ಯಾರೋ ಅದನ್ನು ನೋಡಿ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಕೆಂಪಾಗಿ ಬಂದರು.

"ಮಾವ, ಜನ ಎದೆ ಮೇಲಿಟ್ಟುಕೊಳ್ಳೋ ವಸ್ತು ಇದು. ಇದನ್ನ ಆ ಕೈ ಮುಟ್ಟೋದಾ?"

"ಹಾಗಾದ್ರೆ ಡಬ್ಬಿ ಗ್ರೀಸು ತರಿಸಿ."

"ಹಿರಿಯರು ಡಬ್ಬಿ ಗ್ರೀಸು ಹಚ್ಚಿದರಾ? ಕುರಿಬಾಲದ ಕೊಬ್ಬೇ ಆಗಬೇಕು. ನಮ್ಮ ಕೈಯಲ್ಲೇ ಆಗಬೇಕು."

ಆಪೂಲ್ಸ್ ಗಂಟು ಕಟ್ಟಿದ. ನಾನು ಏನೂ ಹೇಳಲಿಲ್ಲ, ಸುಸಾರಾ. ಗೊಲ್ಯಾತನ ಗಂಟಲು ಎಲ್ಲಿ ಅಡಗಿತ್ತೋ! ಅವನೇ ಮಾತಾಡಿದ. "ಹಿಂದಿನ ಎಡಗಾಲಿ ನೋಡ್ಕೊಳ್ಳಿ ದಣಿ. ಅದು ಬೇಗ ಒಣಗತ್ತೆ." ಅಷ್ಟೆ. ರೈಲು ನಿಲ್ದಾಣದ ದಾರಿ ಹಿಡಿದ.

ನಾನೇ ಕಾಯಿಸುತ್ತಿದ್ದೇನೆ. ಟಾರು ಹೆಚ್ಚಾಗುತ್ತದೆ, ಇಲ್ಲವೇ ಸೀಯುತ್ತದೆ. ನಿನ್ನೆಯಿಂದ ಹಿಂದಿನ ಎಡಗಾಲಿ ಅಳುತ್ತಿದೆ. ಜನ ಅದಕ್ಕೂ ಟೋಪಿ ತೆಗೆಯುತ್ತಾರೆ. ಗೇಟಿನ ವಿಷಯ ಕೇಳಲಿಲ್ಲ. ಕೇಳುವಷ್ಟರಲ್ಲಿ ಅವನು ಹೋದ.

ಅಪ್ಪ


ಫೋರ್ಡ್ಸ್‌ಬರ್ಗ್
20 ಡಿಸೆಂಬರ್ 1938

ಆಪೂಲ್ಸ್,

ಲೊರೆನ್ಸ್ ಬರೆಯುತ್ತಿದ್ದೇನೆ, ಈ ಕಾಗದ ನಿನ್ನ ಮಿಷನ್ ಹಳ್ಳಿಗೆ ಮುಟ್ಟಲಿ ಎಂದು ಬೇಡುತ್ತೇನೆ. ನೀನು ಓದಬಲ್ಲೆ, ನನಗಿಂತ ಚೆನ್ನಾಗಿ ಬರೆಯಬಲ್ಲೆ. ನಲವತ್ತು ವರ್ಷದಲ್ಲಿ ನಿನಗೆ ನಾನು ಬರೆಯುವ ಮೊದಲ ಕಾಗದ ಇದು. ಪಕ್ಕದಲ್ಲೇ ಇದ್ದವನಿಗೆ ಏಕೆ ಬರೆಯಬೇಕಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಹಿಂದಿನ ಎಡಗಾಲಿ! ನೀನು ಹೇಳಿದಂತೆಯೇ ಆಯಿತು. ಡಿಸೆಂಬರ್ ಆರು, ನಡುಮಧ್ಯಾಹ್ನ, ಫೋರ್ಡ್ಸ್‌ಬರ್ಗಿನ ಏರು. ಬೀದಿಯ ಎರಡೂ ಕಡೆ ಜನ, ಮಾಳಿಗೆಗಳ ಮೇಲೆ ಜನ, ದೀಪದ ಕಂಬಗಳ ಮೇಲೂ ಜನ! ಏರಿನ ಅರ್ಧದಲ್ಲಿ ಚಕ್ರ ಒಮ್ಮೆ ಕಿರುಚಿ ನಿಂತೇಬಿಟ್ಟಿತು. ಹದಿನಾರು ಎತ್ತು ಎಳೆದರೂ ತಿರುಗದು, ಕಲ್ಲಿನ ಮೇಲೆ ಉಜ್ಜಿಕೊಂಡು ಬರುತ್ತದೆ. ಗುಂಬದಿಂದ ಹೊಗೆ ಎದ್ದಿತು.

ಜನ ಏನು ಮಾಡಿದರು ಗೊತ್ತೇ? ಮಂಡಿಯೂರಿದರು! ನೆಥ್ಲಿಂಗ್ ಮೇಷ್ಟ್ರು ಎರಡೂ ಕೈ ಎತ್ತಿ, "ನೋಡಿ! ಹಿರಿಯರ ಉಸಿರು!" ಎಂದು ಕೂಗಿದರು. ಹಾಡು ಎದ್ದಿತು. ನಾನು ಪೆಟ್ಟಿಗೆಯ ಮೇಲೆ ನಿಂತು "ಅಯ್ಯೋ, ಉಸಿರಲ್ರೀ, ಅಚ್ಚು ಸುಡ್ತಿದೆ!" ಎಂದು ಅರಚಿದೆ. ಹಾಡಿನಲ್ಲಿ ಯಾರಿಗೆ ಕೇಳಬೇಕು?

ಕೇಳಿಸಿದ್ದು ಒಬ್ಬಳಿಗೆ. ಎದುರಿನ ಕಟ್ಟಡದ ಮೂರನೇ ಮಹಡಿಯ ಕಿಟಕಿಯಿಂದ ಒಂದು ತಲೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಕೆಲಸದ ಉಡುಪಿನಲ್ಲೇ, ಎರಡೂ ಕೈಯಲ್ಲಿ ಹೊಲಿಗೆ ಮಷಿನಿನ ಎಣ್ಣೆಯ ಡಬ್ಬಿ ಹಿಡಿದು ಅವಳು ಜನರನ್ನು ನೂಕಿಕೊಂಡು ಬಂದಳು. ಹಿಂದೆ ಇನ್ನೂ ಏಳೆಂಟು ಹೆಂಗಸರು, ಬಿಳಿಯ ಮುಸುಕುಟೋಪಿಯಲ್ಲಿ. ಬೂದು ಅಂಗಿಯವರು ಅಡ್ಡ ನಿಂತರು.

"ಯಾರೇ ನೀನು? ಹಿಂದೆ ಸರಿ!" ಎಂದರು ಮೇಷ್ಟ್ರು. ಮುಖ ನೋಡಿದರು, ಗುರುತು ಹತ್ತಿತು. ನನ್ನ ಕಡೆ ತಿರುಗಿದರು. "ಮಾವ, ಇವಳು ಯಾರು?"

ಆಪೂಲ್ಸ್, ನೀನಿದ್ದಿದ್ದರೆ ನಕ್ಕಿರುತ್ತಿದ್ದೆ. ಇಷ್ಟು ದಿನ ಇಲ್ಲದ ಅಜ್ಜನಿಗಾಗಿ ಸಿಂಹದಂತೆ ಗುಡುಗಿದವನು, ಆ ಗಳಿಗೆಯಲ್ಲಿ ಚಾವಟಿಯ ಹಿಡಿ ತಿರುವುತ್ತ ನಿಂತೆ. ಅವಳು ನನ್ನನ್ನು ನೋಡಲೇ ಇಲ್ಲ. ಚಕ್ರವನ್ನು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ನಿನ್ನ ಪಕ್ಕ ಕೂತು ಕೀಲೆಣ್ಣೆ ಹಚ್ಚುತ್ತಿದ್ದವಳಲ್ಲವೇ, "ಕಡಾಣಿ ತೆಗೀರೋ, ನೋಡ್ತಾ ನಿಂತಿದೀರಲ್ಲ!" ಎಂದಳು.

"ನನ್ನ ಮಗಳು," ಎಂದೆ. ದನಿ ದೊಡ್ಡದಾಗಿ ಬರಲಿಲ್ಲ. ಎರಡನೇ ಸಲ ಬಂತು. "ನನ್ನ ಮಗಳು ಸುಸಾರಾ! ದಾರಿ ಬಿಡಿ, ಅವಳ ಕೈಯಲ್ಲಿ ಎಣ್ಣೆ ಇದೆ!"

ಬಂಡಿ ಎತ್ತಿ, ಕಡಾಣಿ ತೆಗೆದು, ಚಕ್ರ ಹೊರಗೆಳೆದೆವು. ಬರಿಯ ಮಷಿನೆಣ್ಣೆ ನೀರಿದ್ದಂತೆ, ನಿಲ್ಲುವುದಿಲ್ಲ. ಮೂಲೆಯಲ್ಲಿ ಒಬ್ಬ ಗುಜರಾತಿ ಸಾಹೇಬರ ಮಾಂಸದಂಗಡಿ. ಕಾಟ್ರೀನ ಎಂಬ ಹುಡುಗಿ ಓಡಿ ಎರಡು ಕುರಿಬಾಲದ ಕೊಬ್ಬು ತಂದಳು. "ಬಂಡಿಗಾ? ತಗೊಂಡು ಹೋಗಮ್ಮ" ಎಂದು ಸುಮ್ಮನೆ ಕೊಟ್ಟರಂತೆ. ಬೀದಿಯಲ್ಲೇ ಕರಗಿಸಿ, ಎಣ್ಣೆ ಬೆರೆಸಿ ಬಳಿದೆವು. ಚಕ್ರ ತಿರುಗಿತು, ಬೆಣ್ಣೆಯಂತೆ!

ಮರುಗಳಿಗೆಯೇ ಸಾಲು. ಮೊದಲು ನಿಂತವರು ಮೇಷ್ಟ್ರ ಹೆಂಡತಿ. ಹೊಸ ಜಿಡ್ಡಿಗೆ ಕಸೂತಿಯ ಕರವಸ್ತ್ರ ಒತ್ತಿ ಕಣ್ಣಿಗೊತ್ತಿಕೊಂಡರು.

ಮೇಷ್ಟ್ರು ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ, "ಜನ ಕಾಯ್ತಿದಾರೆ. ಅಜ್ಜನ ಕಥೆ ಹೇಳಿ ಮುಗಿಸಿ" ಎಂದರು. ಹತ್ತಿದೆ. ಕೆಳಗೆ ಸುಸಾರಾ ಕೈ ಒರೆಸಿಕೊಳ್ಳುತ್ತ, ತಲೆ ಓರೆ ಮಾಡಿ, ಇವರೇನು ಹೇಳುತ್ತಾರೋ ನೋಡೋಣ ಎನ್ನುವಂತೆ ನಿಂತಿದ್ದಳು.

"ನಮ್ಮಜ್ಜ ನೆತ್ತರಹೊಳೆಗೆ ಹೋಗಲಿಲ್ಲ," ಎಂದೆ. "ಮನೇಲಿ ಸಾಬೂನು ಕಾಯಿಸ್ತಿದ್ದ."

ಹಿಂದಿನಿಂದ ಯಾರೋ, "ಒಳ್ಳೇ ಸಾಬೂನಾ ಮಾವ?" ಎಂದು ಕೂಗಿದ. ಒಂದಷ್ಟು ಜನ ನಕ್ಕರು. ಒಂದಷ್ಟು ಜನ ಉಗಿದರು. ಮೇಷ್ಟ್ರು ನನ್ನ ಕೈಯಿಂದ ಚಾವಟಿ ಕಿತ್ತುಕೊಂಡು, ಬಂಡಿ ಇಳಿಯಿರಿ ಎಂದರು.

ಇಳಿಯುವ ಮುಂಚೆ ಪೆಟ್ಟಿಗೆಯಿಂದ ನನ್ನ ಹೆಂಡತಿಯ ಟೋಪಿ ತೆಗೆದು ಮಗಳ ತಲೆಗೆ ಕಟ್ಟಿದೆ. ಕೈ ತೊಳೆಯಬೇಕೆಂದು ಹೊಳೆಯಲಿಲ್ಲ. ಬಿಳಿಯ ಬಟ್ಟೆಯ ಮೇಲೆ ಐದೂ ಬೆರಳು ಮೂಡಿವೆ. ಅವಳು ಹೊಲಿಗೆಯವಳು, ಹೋಗುವುದಿಲ್ಲ ಎಂದು ನೋಡಿದ ತಕ್ಷಣ ಹೇಳಿದಳು.

ಹದಿನಾರರಂದು ನಾವಿಬ್ಬರೂ ರೈಲಿನಲ್ಲಿ ಪ್ರಿಟೋರಿಯಾಕ್ಕೆ ಹೋದೆವು. ಗುಡ್ಡದಲ್ಲಿ ಲಕ್ಷ ಜನವೋ ಎರಡು ಲಕ್ಷವೋ! ಬಹಳ ಹಿಂದೆ ನಿಂತೆವು, ಬರಿಯ ಧೂಳು ಕಂಡಿತು. ಆದರೆ ನಮ್ಮ ಬಂಡಿ ಏರುವಾಗ ಗಾಲಿಗಳ ಸದ್ದಿನಿಂದಲೇ ನಾನು ಗುರುತು ಹಿಡಿದೆ. ಹಿಂದಿನ ಎಡಗಾಲಿ ಅಳುತ್ತಿರಲಿಲ್ಲ. ಹಾಡು ಎದ್ದಾಗ ನಾನು ಮತ್ತೆ ಅತ್ತೆ, ಆಪೂಲ್ಸ್. ಎಲ್ಲ ಗೊತ್ತಿದ್ದೂ ಅತ್ತೆ. ಪಕ್ಕದಲ್ಲಿ ಸುಸಾರಾ ಕೂಡ. ಇದು ಏನು ಎಂದು ನಾವಿಬ್ಬರೂ ರೈಲಿನಲ್ಲಿ ದಾರಿಯುದ್ದಕ್ಕೂ ಮಾತಾಡಿದೆವು, ಬಗೆಹರಿಯಲಿಲ್ಲ. ಮುಂದಿನ ಸಾಲುಗಳಲ್ಲಿ ಬೂದು ಅಂಗಿಯವರು ಕೈ ಚಾಚಿ ನಿಂತಿದ್ದರು. ಬಂಡಿಗಳು ಕೊಟ್ಟಿಗೆ ಸೇರಿದ ಮೇಲೂ ಗಂಡಸರು ಸೈನಿಕರಂತೆ ಸಾಲುಗಟ್ಟಿಯೇ ಇರಬೇಕು ಎಂದು ಮೇಷ್ಟ್ರು ಪುಸ್ತಕ ಹಿಡಿದು ಹೆಸರು ಬರೆದುಕೊಳ್ಳುತ್ತಿದ್ದರಂತೆ. ಬರೆಸಿದವರು ಬಹಳ.

ನನ್ನ ಪಕ್ಕದ ಹೆಂಗಸು ತನ್ನ ಕರವಸ್ತ್ರ ಬಿಡಿಸಿ ತೋರಿಸಿದಳು. "ಫೋರ್ಡ್ಸ್‌ಬರ್ಗಲ್ಲಿ ಸಿಕ್ಕಿದ್ದು ಮಾವ. ಹಿರಿಯರ ಕಾಲದ್ದೇ." ಮೂಸಿದೆ. ಕುರಿಕೊಬ್ಬು, ಮಷಿನೆಣ್ಣೆ. "ಜೋಪಾನ ತಾಯಿ" ಎಂದೆ. ಬೇರೇನು ಹೇಳಲಿ?

ನಿನಗೆ ಹೇಳಬೇಕಾದ ಮಾತು ಬೇರೆ ಇದೆ. ನಾಲ್ಕು ಸಲ ಬರೆದು ಹರಿದೆ. ಈಸ್ಟರಿಗೆ ಕ್ರಾನ್ಸ್‌ಫ್ಲೇಗೆ ಬಾ, ಕಾಫಿ ಕುಡಿಯೋಣ.

ಸುಸಾರಾ ಪಕ್ಕದಲ್ಲಿ ಕೂತು ಪೀಡಿಸುತ್ತಿದ್ದಾಳೆ. ಗೇಟಿನ ವಿಷಯ ನಿನಗೆ ಹೇಗೆ ಗೊತ್ತು?

ನಿನ್ನ
ಲೊರೆನ್ಸ್


ಮಿಷನ್ ಹಳ್ಳಿ
15 ಜನವರಿ 1939

ಲೊರೆನ್ಸ್ ದಣಿಯವರಿಗೆ ಮತ್ತು ಸುಸಾರಮ್ಮನಿಗೆ, ಆಪೂಲ್ಸ್ ಮಾಡುವ ನಮಸ್ಕಾರ.

ಕಾಗದ ತಲುಪಿತು. ಪಾದ್ರಿಗಳು ಓದಿಕೊಡಲೇ ಎಂದರು, ಬೇಡ, ನನ್ನದು ನಾನೇ ಓದುತ್ತೇನೆ ಎಂದೆ.

ಗೇಟಿನ ವಿಷಯ. ನಮ್ಮ ಅಜ್ಜನ ಹೆಸರೂ ಆಪೂಲ್ಸ್. ಯಜಮಾನರ ಎತ್ತುಗಳ ಜೊತೆ ಉತ್ತರಕ್ಕೆ ಹೋದವರು. ನೆತ್ತರಹೊಳೆಯ ಬಂಡಿಕೋಟೆಯೊಳಗೆ ನಮ್ಮವರೂ ಇದ್ದರು. ಅಜ್ಜ ನಡುವೆ ನಿಂತು ಎತ್ತುಗಳ ಹಗ್ಗ ಹಿಡಿದಿದ್ದರು. ಗುಂಡಿನ ಸದ್ದಿಗೆ ಎತ್ತು ಬೆದರಿ ನುಗ್ಗಿದ್ದರೆ ಕೋಟೆ ಒಳಗಿನಿಂದಲೇ ಒಡೆಯುತ್ತಿತ್ತು. ಬೆಳಗಿನಿಂದ ಹಿಡಿದು ಹಿಡಿದು ಅಂಗೈ ಮೂಳೆಯವರೆಗೆ ಹರಿದಿತ್ತು. ಗುರುತು ನಾನು ಮುಟ್ಟಿ ನೋಡಿದ್ದೇನೆ. ಗೇಟುಗಳನ್ನು ಹೊತ್ತು ತಂದು ನಿಲ್ಲಿಸಿದವರೂ ಅವರೇ, ಆದ್ದರಿಂದ ಮುಳ್ಳು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹರಕೆ ಹೊರುವಾಗ ಅವರನ್ನು ಯಾರೂ ಕರೆಯಲಿಲ್ಲವಂತೆ.

ನಲವತ್ತು ವರ್ಷದಲ್ಲಿ ನೀವು ಸಾಬೂನಿನ ಕಥೆಯನ್ನು ಬಹಳ ಸಲ ಹೇಳಿದಿರಿ. ಪ್ರತಿ ಸಲವೂ ನಾನು ನಕ್ಕೆ, ಏಕೆಂದರೆ ಚೆನ್ನಾಗಿ ಹೇಳುತ್ತಿದ್ದಿರಿ. 'ನಿನ್ನ ಅಜ್ಜ ಎಲ್ಲಿದ್ದ?' ಎಂದು ನೀವು ನನ್ನನ್ನು ಕೇಳಲಿಲ್ಲ. ಮೇಷ್ಟ್ರೂ ಕೇಳಲಿಲ್ಲ. ಮೊದಲು ಕೇಳಿದವಳು ಸುಸಾರಮ್ಮ. ಅವಳಿಗೆ ಒಳ್ಳೆಯದಾಗಲಿ. ಮಷಿನೆಣ್ಣೆ ಹಾಕಿದ ಅಚ್ಚನ್ನು ಒಮ್ಮೆ ಪೂರ್ತಿ ಒರೆಸಿ ಮತ್ತೆ ಹಚ್ಚಬೇಕು, ಇಲ್ಲದಿದ್ದರೆ ಅಂಟಾಗುತ್ತದೆ. ಈಗ ಆ ಬಂಡಿ ಯಾರ ಕೈಯಲ್ಲಿದೆಯೋ ಅವರಿಗೆ ತಿಳಿಸಿ.

ಈಸ್ಟರಿಗೆ ಕಾಫಿಗೆ ಬಾ ಎಂದಿರಿ. ಎಲ್ಲಿ ಕೂತು ಕುಡಿಯುವುದು ಎಂದು ಬರೆಯಲಿಲ್ಲ. ಇಷ್ಟು ವರ್ಷ ಹಿತ್ತಿಲ ಮೆಟ್ಟಿಲ ಮೇಲೆ ಕುಡಿದಿದ್ದೇನೆ. ಅದನ್ನು ಬರೆದು ತಿಳಿಸಿ, ಆಮೇಲೆ ನೋಡೋಣ.

ಕರವಸ್ತ್ರದ ಸುದ್ದಿ ಓದಿ ಹೆಂಡತಿಗೆ ಹೇಳಿದೆ. ಅವಳು ಒಳಗೆ ಹೋಗಿ ನನ್ನ ಹಳೆಯ ಷರಟು ತಂದು ಮುಂದೆ ಎಸೆದಳು. ನಲವತ್ತು ವರ್ಷದ ಕೀಲೆಣ್ಣೆ, ಎಷ್ಟು ಒಗೆದರೂ ಹೋಗಿಲ್ಲ. ಯಾರಿಗಾದರೂ ಬೇಕಿದ್ದರೆ ತಿಳಿಸಿ, ಕಳಿಸುತ್ತೇನೆ.

ಇಂತಿ,
ಆಪೂಲ್ಸ್